ನಕ್ಷೆಗಳಿಗೂ ಗ್ರಂಥಾಲಯದಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ವಿದ್ವಾಂಸರು ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಸಂತೋಷದಿಂದ ಸ್ವೀಕರಿಸುವ ಕಾಲೇಜು ಗ್ರಂಥಾಲಯಗಳು, ಜೊತೆಗೆ ಬಂದ ಹಳೆಯ ನಕ್ಷೆಗಳನ್ನು ಎಲ್ಲಿಡಬೇಕೆಂದು ತೋಚದೆ ಸುರುಳಿ ಸುತ್ತಿ ಬೀರುವಿನ ಮೇಲೆ ಹಾಕಿಬಿಡುವುದುಂಟು. ಅಮೆರಿಕದ ಹಾರ್ವರ್ಡ್ ಕಾಲೇಜಿನ ನಿದರ್ಶನವನ್ನು ಇಲ್ಲಿ ನೆನೆಯಬೇಕು. ಹ್ಯಾಂಬರ್ಗ್ ನಗರದ ವಿದ್ವಾಂಸ ಕ್ರಿಸ್ಟೋಫ್ ಡೇನಿಯಲ್ ಎಬೆಲಿಂಗ್ ಅಮೆರಿಕಕ್ಕೆ ಒಮ್ಮೆಯೂ ಹೋಗದೆ, ಪತ್ರವ್ಯವಹಾರ ಮತ್ತು ಗ್ರಂಥಗಳನ್ನೇ ನೆಚ್ಚಿ ಆ ದೇಶದ ಭೂಗೋಳ, ಇತಿಹಾಸಗಳನ್ನು ಹಲವು ಸಂಪುಟಗಳಲ್ಲಿ ಬರೆದವರು. ಆ ಹಾದಿಯಲ್ಲಿ ಸುಮಾರು 10,000 ನಕ್ಷೆಗಳನ್ನೂ 3,000ಕ್ಕೂ ಹೆಚ್ಚು ಪುಸ್ತಕಗಳನ್ನೂ ಕೂಡಿಸಿದ್ದರು. ಅವರು 1817ರಲ್ಲಿ ನಿಧನರಾದ ಮರುವರ್ಷ ಬಾಸ್ಟನ್ನಿನ ವರ್ತಕ ಇಸ್ರೇಲ್ ಥಾರ್ನ್‌ಡೈಕ್ ಇಡೀ ಸಂಗ್ರಹವನ್ನು ಕೊಂಡು ಹಾರ್ವರ್ಡ್‌ಗೆ ದಾನವಾಗಿ ಕೊಟ್ಟರು. ಅಲ್ಲಿನ ನಕ್ಷೆ ವಿಭಾಗಕ್ಕೆ ಅದೇ ಬುನಾದಿಯಾಯಿತು.

ದಾನಿ ವಿದ್ವಾಂಸನಲ್ಲ, ವ್ಯಾಪಾರಿ ಎಂಬುದು ನನಗೆ ವಿಶೇಷವಾಗಿ ಕಾಣುತ್ತದೆ. ಸಂಗ್ರಹ ಬಿಡಿಬಿಡಿಯಾಗಿ ಮಾರಾಟವಾಗದೆ ಉಳಿದದ್ದಂತೂ ಇನ್ನೂ ದೊಡ್ಡದು. ಒಂದೇ ಪ್ರದೇಶದ ಬೇರೆ ಬೇರೆ ಕಾಲದ ನಕ್ಷೆಗಳನ್ನು ಅಕ್ಕಪಕ್ಕ ಹರಡಿದಾಗಲೇ ಗಡಿ, ದಾರಿ, ಊರಿನ ಹೆಸರುಗಳು ಬದಲಾದ ಬಗೆ ತಿಳಿಯುತ್ತದೆ. ನಮ್ಮ ಕಾಲೇಜುಗಳು ಇಂಥ ಕೊಡುಗೆ ಬಂದಾಗ ನಕ್ಷೆಗಳನ್ನು ಮಡಿಸದೆ ಅಗಲವಾದ ಡ್ರಾಯರ್‌ಗಳಲ್ಲಿ ಹರವಿಟ್ಟು, ದಾನಿಯ ಹೆಸರಿನಲ್ಲೇ ಪಟ್ಟಿ ಮಾಡಿ, ವಿದ್ಯಾರ್ಥಿಗಳ ಕೈಗೆಟಕುವಂತೆ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಭೂಗೋಳ ಅಧ್ಯಾಪಕ, ಮೈಸೂರು