ಅಂಧ ಖಾತೆದಾರನಿಗೆ ಎಟಿಎಂ ಕಾರ್ಡ್ ನಿರಾಕರಿಸಿದ ಬಗ್ಗೆ ದೂರು

ಗೆ,
ಶಾಖಾ ವ್ಯವಸ್ಥಾಪಕರು,
ಗದಗ

ಮಾನ್ಯರೇ,

ಕಳೆದ ಸೋಮವಾರ ಎಟಿಎಂ ಕಾರ್ಡ್ ಮತ್ತು ಚೆಕ್ ಪುಸ್ತಕ ಕೇಳಲು ನಿಮ್ಮ ಶಾಖೆಗೆ ಬಂದಿದ್ದೆ. ಜೊತೆಗೆ ಒಂಬತ್ತನೆಯ ತರಗತಿಯ ಮಗನಿದ್ದ. ಕೌಂಟರಿನವರು ನನ್ನ ಹೆಸರನ್ನೂ ಅವನನ್ನೇ ಕೇಳಿದರು. ಉತ್ತರ ಕೊಟ್ಟವನು ನಾನು. ಮುಂದಿನ ಪ್ರಶ್ನೆ ಮತ್ತೆ ಅವನಿಗೇ. ಅಷ್ಟರಲ್ಲಿ ಯಾರೋ ನನ್ನ ಹೆಬ್ಬೆರಳು ಹಿಡಿದು ಶಾಯಿಯ ಪ್ಯಾಡಿಗೆ ಒತ್ತಿಬಿಟ್ಟರು. ನಾನು ಸಹಿ ಮಾಡುತ್ತೇನೆ. ಖಾತೆ ತೆರೆದ ದಿನದ ಸಹಿ ನಿಮ್ಮ ಕಡತದಲ್ಲೇ ಇದೆ. ಒರೆಸಿಕೊಳ್ಳಲು ಕಾಗದ ಕೇಳಿದರೆ ಅದನ್ನೂ ಮಗನ ಕೈಗೆ ಕೊಟ್ಟರು.

ತಾವು ಚಹಾ ತರಿಸಿ ಸೌಜನ್ಯದಿಂದಲೇ ಮಾತನಾಡಿದಿರಿ, ಅದನ್ನು ಮರೆಯುವುದಿಲ್ಲ. ಆದರೆ "ಕಣ್ಣಿದ್ದವರೊಬ್ಬರ ಜೊತೆ ಜಂಟಿ ಖಾತೆ ಮಾಡಿಸಿ, ನಾಳೆ ಮೋಸವಾದರೆ ಯಾರು ಹೊಣೆ?" ಎಂದಿರಿ. ಒಟಿಪಿ ಹೇಳಿ ಹಣ ಕಳೆದುಕೊಂಡ ಕಣ್ಣಿದ್ದವರು ನಿಮ್ಮಲ್ಲಿ ಎಷ್ಟು ಮಂದಿ ಬಂದು ಅತ್ತಿಲ್ಲ? ಅವರ ಕಾರ್ಡನ್ನು ಯಾರೂ ಕಿತ್ತುಕೊಂಡಿಲ್ಲ. ಈಗ ನನ್ನ ಸಂಬಳವನ್ನು ನೀವು ಎಣಿಸುವುದು ಇನ್ನೊಬ್ಬರ ಕೈಗೆ. ಮೋಸಕ್ಕೆ ಇದಕ್ಕಿಂತ ಸುಲಭ ದಾರಿ ಬೇಕೇ? ಮನೆಗೆ ಹೋಗಿ, ನೋಟು ಎಷ್ಟರದೆಂದು ಹೇಳುವ ರಿಸರ್ವ್ ಬ್ಯಾಂಕಿನ 'ಮನಿ' ಆ್ಯಪ್‌ಗೆ ಒಂದೊಂದೇ ನೋಟು ಹಿಡಿದು ಮತ್ತೆ ಎಣಿಸುತ್ತೇನೆ.

ಅಂಧರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್ ಸೇರಿ ಎಲ್ಲ ಸೇವೆಗಳನ್ನೂ ತಾರತಮ್ಯವಿಲ್ಲದೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2008ರಲ್ಲಿ. ನಮ್ಮ ಹಣಕಾಸನ್ನು ನಾವೇ ನೋಡಿಕೊಳ್ಳುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಂ ಒಪ್ಪಿದೆ. ನಿಮ್ಮ ಬಾಗಿಲ ಪಕ್ಕದ ಎಟಿಎಂನಲ್ಲಿ ಬ್ರೈಲ್ ಗುಂಡಿಗಳಿವೆ, ಹೆಡ್‌ಫೋನ್ ಹಾಕುವ ತೂತೂ ಇದೆ. ಹೊರಡುವಾಗ ಬೆರಳಾಡಿಸಿ ನೋಡಿದೆ: ಯಾರೋ ಅದಕ್ಕೆ ರಸೀದಿ ಚೀಟಿ ಮಡಚಿ ತುರುಕಿದ್ದಾರೆ. ದಯವಿಟ್ಟು ತೆಗೆಸಿ.

ನಿಮ್ಮ ಕೊಠಡಿಯ ಗೋಡೆಯಲ್ಲಿ ಪುಟ್ಟರಾಜ ಗವಾಯಿಗಳ ಭಾವಚಿತ್ರವಿದೆ ಎಂದು ಮಗ ಹೇಳಿದ. ಹಾರದ ಮಲ್ಲಿಗೆ ನನಗೂ ತಿಳಿದಿತ್ತು. ಕಣ್ಣಿಲ್ಲದ ಆ ಗುರುಗಳು ವೀರೇಶ್ವರ ಪುಣ್ಯಾಶ್ರಮವನ್ನೇ ನಡೆಸಿದ ಊರು ಇದು. ಇಲ್ಲಿ ಸಂಗೀತ ಕಲಿಸುವ ನಾನು, ತಿಂಗಳ ಸಂಬಳ ತೆಗೆಯಲು ಹುಡುಗನ ಶಾಲೆ ತಪ್ಪಿಸಬೇಕಾಗಿದೆ.

ಕಾರ್ಡ್, ಚೆಕ್ ಪುಸ್ತಕ ಎರಡೂ ನನ್ನೊಬ್ಬನ ಹೆಸರಿನಲ್ಲೇ ಬೇಕು. ಕೊಡಲಾಗದಿದ್ದರೆ ಕಾರಣವನ್ನು ಬರೆದು ತಿಳಿಸಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯುತ್ತೇನೆ. ಉತ್ತರವನ್ನು ಇ-ಮೇಲ್‌ನಲ್ಲೇ ಅಕ್ಷರಗಳಾಗಿ ಕಳಿಸಿ, ಸ್ಕ್ಯಾನ್ ಮಾಡಿದ ಚಿತ್ರ ಬೇಡ. ಅಕ್ಷರಗಳನ್ನಾದರೆ ನನ್ನ ಫೋನ್ ಓದಿ ಹೇಳುತ್ತದೆ, ಮಗನನ್ನು ಕರೆಯಬೇಕಿಲ್ಲ.

ಇಂತಿ,
ನಿಮ್ಮ ಖಾತೆದಾರ