ಇಪ್ಪತ್ತನೇ ಕುರ್ಚಿಯ ಹುಡುಗಿ

ಪುಟ್ಟಿ,

ಪಾರ್ಸೆಲ್ ಬಿಚ್ಚಿದ ಕೂಡಲೇ ಚಕ್ಕುಲಿ ಡಬ್ಬಕ್ಕೆ ಕೈ ಹಾಕಿರ್ತೀಯ, ಗೊತ್ತು. ತಿಂತಾನೇ ಓದು. ನೀಲಿ ಕುರ್ತಾದ ತೋಳು ಬಿಚ್ಚಿ ಅರ್ಧ ಇಂಚು ಬಿಟ್ಟಿದ್ದೇನೆ, ಹಾಕಿ ನೋಡಿ ಹೇಳು.

ಮೊನ್ನೆ ಫೋನಿನಲ್ಲಿ ನೀನು "ಅಮ್ಮಾ, ಹಾಡಿನ ಟೀಮಿನಲ್ಲಿ ನನ್ನ ಹೆಸರು ಬರಲಿಲ್ಲ" ಅಂದೆ. ನಾನು "ಹೋಗ್ಲಿ ಬಿಡು, ಓದಿನ ಕಡೆ ನೋಡು" ಅಂದೆ. ನೀನು "ಹ್ಞೂಂ" ಅಂದು ಫೋನ್ ಇಟ್ಟೆ. ಆ ಹ್ಞೂಂ ಇನ್ನೂ ಕಿವಿಯಲ್ಲೇ ಕೂತಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ನಿನ್ನ ಬೀರು ಬಾಗಿಲಿಗೆ ಅಂಟಿಸಿದ್ದೀಯಲ್ಲ, ಆ ಹುಡುಗಿ ಯಾರು ಅಂತ ಎದ್ದು ಹುಡುಕಿದೆ. ಎರಡು ವರ್ಷದಿಂದ ಅವಳ ಮುಖ ನೋಡಿಕೊಂಡೇ ನಿನ್ನ ಬಟ್ಟೆ ಮಡಚಿಟ್ಟಿದ್ದೇನೆ. ಒಂದು ದಿನವೂ ಹೆಸರು ಕೇಳಿರಲಿಲ್ಲ.

ಜಿಯೋನ್ ಸೊಯೋನ್, ಕೊರಿಯಾದ ಹಾಡುಗಾರ್ತಿ. ನಿನಗಿದೆಲ್ಲ ಬಾಯಿಪಾಠ, ನನಗೆ ಹೊಸದು. ಚಿಕ್ಕವಳಿದ್ದಾಗ ಬ್ಯಾಲೆ ಕಲಿಯುತ್ತಿದ್ದಳಂತೆ. ಅಲ್ಲಿನ ಬಿಗ್‌ಬ್ಯಾಂಗ್ ಅನ್ನೋ ಹಾಡುವ ಹುಡುಗರ ತಂಡವನ್ನು ನೋಡಿ ಮನಸ್ಸು ಈ ಕಡೆ ತಿರುಗಿತಂತೆ.

2016ರ 'ಪ್ರೊಡ್ಯೂಸ್ 101' ಶೋನ ತುಣುಕುಗಳನ್ನೂ ನೋಡಿದೆ, ಹಾಡುವ ಹುಡುಗಿಯರ ತಂಡ ಆರಿಸೋಕೆ ಅಲ್ಲಿನ ಟಿವಿಯಲ್ಲಿ ನಡೆಸಿದ ಸ್ಪರ್ಧೆ. ಗೊಂಬೆ ಕೂರಿಸುವ ಮೆಟ್ಟಿಲಿನ ಹಾಗೆ 101 ಕುರ್ಚಿ. ಒಂದನೇದು ತುತ್ತ ತುದಿಯಲ್ಲಿ. ಮಕ್ಕಳನ್ನು ಹಾಗೆ ನಂಬರು ಹಾಕಿ ಕೂರಿಸೋದು ನನಗಂತೂ ಸೇರಲಿಲ್ಲ. ಜನ ಓಟು ಹಾಕಬೇಕು, ಮೊದಲ 11 ಜನಕ್ಕೆ ಮಾತ್ರ ತಂಡದಲ್ಲಿ ಜಾಗ. ಇವಳು ಕೊನೆಯ ಸುತ್ತಿನ ತನಕ ಬಂದಳು. ಬಂದು 20ನೇಯವಳಾದಳು. ಆಗ ಅವಳಿಗೆ 17. ಅವತ್ತು ಮನೆಗೆ ಹೋದಾಗ ಅವರಮ್ಮ ಏನಂದರೋ. ನನ್ನ ಹಾಗೆ "ಹೋಗ್ಲಿ ಬಿಡು" ಅಂದರೋ ಏನೋ.

ಅದೇ ವರ್ಷ ಇನ್ನೊಂದು ಶೋಗೆ ಹೋದಳು, ಬರೀ ಹೆಣ್ಣುಮಕ್ಕಳ ರ್ಯಾಪ್ ಸ್ಪರ್ಧೆ. 'ಅನ್‌ಪ್ರೆಟಿ ರ್ಯಾಪ್‌ಸ್ಟಾರ್', ಮೂರನೇ ಸೀಸನ್. ಬ್ರೌನ್ ಐಡ್ ಗರ್ಲ್ಸ್ ಅನ್ನೋ ಹಳೇ ತಂಡದ ಮಿರ್ಯೊ ಥರದ ಪಳಗಿದವರ ಮಧ್ಯೆ ಈ ಚೋಟುದ್ದದ ಹುಡುಗಿ. ದನಿ ತೆಳ್ಳಗೆ, ಚೂಪು. ರ್ಯಾಪ್ ಅಂದರೆ ಸುಮ್ನೆ ಬಡಬಡ ಮಾತಾಡೋದು ಅಂದುಕೊಂಡಿದ್ದೆ ನಾನು. ಉಸಿರು ಎಲ್ಲಿ ತಗೋತಾಳೆ ಅಂತ ನೋಡೋಕೆ ಒಂದೇ ತುಣುಕನ್ನು ನಾಲ್ಕು ಸಲ ಹಾಕಿದೆ. ಸಿಗಲೇ ಇಲ್ಲ.

2017ರ ನವೆಂಬರಿನಲ್ಲಿ 'ಜೆಲ್ಲಿ' ಅಂತ ಒಬ್ಬಳೇ ಹಾಡಿದ ಹಾಡು ಬಂತು. ಆಮೇಲೆ 2018ರ ಮೇ 2ಕ್ಕೆ ನಿನ್ನ ಆ ತಂಡ, '(ಜಿ)ಐಡಲ್'. ಹೆಸರಿನಲ್ಲಿ ಜಿ ಅಂತ ಬರೆದು ಬಾಯಲ್ಲಿ ಹೇಳಬಾರದು ಅಂತಿದ್ದರಂತೆ, ಅದ್ಯಾಕೋ. 2025ರಲ್ಲಿ ಅದನ್ನು ಕಿತ್ತೇ ಹಾಕಿದರಂತೆ, ಒಳ್ಳೇದಾಯ್ತು.

ಮೊದಲ ಹಾಡು 'ಲಾಟಾಟಾ'ವನ್ನು ಬಿಗ್ ಸಾಂಚೊ ಅನ್ನುವವರ ಜೊತೆ ಸೇರಿ ಬರೆದವಳು ಇವಳೇ. ಅಲ್ಲಿ ಹೊಸ ತಂಡಕ್ಕೆ ಕಂಪನಿಯೇ ಬೇರೆಯವರ ಹತ್ತಿರ ಹಾಡು ಬರೆಸಿ ತರೋದು ಜಾಸ್ತಿ. ರೆಡಿಮೇಡ್ ಥರ, ಹೊಂದಿದರೆ ಹೊಂದಿತು. ಇವಳು 19ಕ್ಕೆ ಅಳತೆ ಟೇಪು ಹಿಡಿದು ಕೂತಳಲ್ಲ! ಆಗ ಆರು ಹುಡುಗಿಯರು. ಮಿನ್ನಿ ಥಾಯ್ಲೆಂಡಿನವಳು, ಯುಚಿ ಚೀನಾದವಳು, ಶುಹುವಾ ತೈವಾನಿನವಳು. ಒಬ್ಬೊಬ್ಬಳ ಗಂಟಲು ಒಂದೊಂದು ಥರ. ಯಾವ ಸಾಲು ಯಾರಿಗೆ ಕೂರುತ್ತೆ, ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ನೋಡಬೇಕಲ್ವಾ? ಬ್ಲೌಸ್ ಹೊಲಿಯೋರಿಗೆ ಆ ಕಷ್ಟ ಗೊತ್ತು. 20 ದಿನಕ್ಕೇ ಆ ಹಾಡಿಗೆ ಟಿವಿಯಲ್ಲಿ ಮೊದಲ ಬಹುಮಾನ ಬಂತಂತೆ. ಬಹುಮಾನ ಇರಲಿ, ನಾನು ಮಷೀನ್ ತುಳಿಯುತ್ತಾ ಕೇಳುತ್ತಿದ್ದೆ. ಅವಳ ರ್ಯಾಪ್ ಬಂದಾಗ ಕಾಲು ತಾನೇ ನಿಂತಿತು. ಬಾಬಿನ್ ದಾರ ಖಾಲಿಯಾಗಿದ್ದೂ ಗೊತ್ತಾಗಲಿಲ್ಲ.

ಮೊನ್ನೆ ಫೋನಿನಲ್ಲಿ ನಿನ್ನನ್ನು ನಾನು ಕೇಳಲೇ ಇಲ್ಲ. ಟೀಮಿನವರಿಗೆ ಏನು ಹಾಡಿ ತೋರಿಸಿದೆ? ನೀನೇ ಬರೆದಿದ್ದಾ? ಭಾನುವಾರ ಫೋನ್ ಮಾಡಿದಾಗ ನನಗೂ ಒಮ್ಮೆ ಹೇಳು. ಅಪ್ಪನನ್ನು ಪೇಟೆಗೆ ಕಳಿಸಿರ್ತೀನಿ, ನಾಚಿಕೊಳ್ಳಬೇಡ.

ಬೀರು ಹಿಂದೆ ಬಿದ್ದಿದ್ದ ನಿನ್ನ ಕೆಂಪು ನೋಟ್‌ಬುಕ್ಕನ್ನೂ ಪಾರ್ಸೆಲ್‌ನಲ್ಲಿ ಇಟ್ಟಿದ್ದೇನೆ. ಎರಡನೇ ಪುಟದ ಪದ್ಯ ನಾಲ್ಕು ಸಾಲಿಗೆ ನಿಂತಿದೆ. ಅದನ್ನು ನಾನು ಮುಟ್ಟಿಲ್ಲ. ಕೊನೇ ಪುಟದಲ್ಲಿ ಮಾತ್ರ ಹಾಲಿನ ಲೆಕ್ಕ ಬರೆದುಬಿಟ್ಟಿದ್ದೆ, ಬೈಬೇಡ.

ನಿನ್ನ ಅಮ್ಮ