ದೂರದ ಯುದ್ಧ, ಕೈಯಾಗಿನ ಮತ

ವಿಜಯಪುರ

ಪ್ರೀತಿಯ ಮಗಳಿಗೆ ಕಾಕಾನ ದುವಾ.

ಅಮೆರಿಕಾದ ಮಿಶಿಗನ್ ರಾಜ್ಯದಾಗ ನಿನಗ ಮತದ ಹಕ್ಕು ಬಂದದ್ದು ಕೇಳಿ ಸಂತೋಷಾತು. ಗಾಜಾ ನೋಡಿ ಓಟು ಹಾಕಲೋ, ಮನಿ-ಮಕ್ಕಳನ್ನ ನೋಡಿ ಹಾಕಲೋ ಅಂತ ಕೇಳೀದಿ. ಪಕ್ಷದ ಹೆಸರು ನಾ ಹೇಳೂದಿಲ್ಲ. ತೂಗೂ ರೀತಿ ಹೇಳತೀನಿ.

ಮೊದಲು ಯಾವ ಕುರ್ಚಿಗೆ ಏನು ಅಧಿಕಾರ ನೋಡು. ಆಲಮಟ್ಟಿ ಎತ್ತರ 519.6ರಿಂದ 524.256 ಮೀಟರಿಗೆ ಏರಿಸಪಾ ಅಂತ ಪಂಚಾಯ್ತಿ ಮೆಂಬರನ್ನ ಕೇಳಿದರ ಅವ ಏನು ಮಾಡ್ಯಾನು? ಅಲ್ಲೂ ಹಂಗ. ಮೇಯರ್ ಯುದ್ಧ ನಿಲ್ಲಸೂದಿಲ್ಲ. ಶಸ್ತ್ರದ ಮಾತು ಅಧ್ಯಕ್ಷರದು, ಸಂಸತ್ತಿನದು. 2016ರ ಒಪ್ಪಂದದಂತ 2019ರಿಂದ 2028ರ ತನಕ ಇಸ್ರೇಲ್‌ಗೆ 3,800 ಕೋಟಿ ಡಾಲರ್ ಸೈನಿಕ ನೆರವು. ಅಧ್ಯಕ್ಷರು ಬದಲಾದರೂ ಅದು ನಿಂತಿಲ್ಲ. 'ಎರಡೂ ಪಕ್ಷ ಒಂದ' ಅನ್ನೂ ಮಾತು ಹುಟ್ಟಿದ್ದು ಇಲ್ಲೇ. ಆದರ ವೀಸಾದ ಖಾತಿ ಬ್ಯಾರೆ: 2017ರಲ್ಲಿ ಟ್ರಂಪ್ ಮುಸ್ಲಿಮರು ಹೆಚ್ಚಿರೂ 7 ದೇಶಗಳ ಮ್ಯಾಲೆ ಪ್ರವೇಶ ನಿರ್ಬಂಧ ಹಾಕಿದರು, 2021ರಲ್ಲಿ ಬೈಡನ್ ತಗದರು, 2025ರಲ್ಲಿ ಟ್ರಂಪ್ 12 ದೇಶಗಳಿಗೆ ಮತ್ತ ತಂದರು. ಎರಡೂ ಖಾತಿ ಒಂದ ಪುಸ್ತಕದಾಗ ಬರೀಬ್ಯಾಡ.

ಸಿಟ್ಟು ತೋರಸೂ ಜಾಗ ಪ್ರೈಮರಿ, ಅಂದ್ರ ಪಕ್ಷದ ಅಭ್ಯರ್ಥಿನ್ನ ಮತದಾರರ ಆರಿಸೂ ಮೊದಲ ಸುತ್ತು. 2024ರ ಫೆಬ್ರುವರಿಯಾಗ ನಿಮ್ಮ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಾಗ 'ಅನ್‌ಕಮಿಟೆಡ್'ಗೆ, ಅಂದ್ರ 'ಯಾವ ಅಭ್ಯರ್ಥಿಗೂ ಅಲ್ಲ' ಅನ್ನೂ ಸಾಲಿಗೆ, ಒಂದು ಲಕ್ಷಕ್ಕೂ ಹೆಚ್ಚು ಮತ, ಸುಮಾರು 13 ಶೇಕಡಾ ಬಿತ್ತು. ಎಲ್ಲರಿಗೂ ಕೇಳಿಸಿತು. ಆದರೂ ಆಗಸ್ಟಿನಾಗ ಆ ಪಕ್ಷದ ಶಿಕಾಗೊ ಸಮಾವೇಶದಾಗ ಪ್ಯಾಲೆಸ್ತೀನಿ ಮೂಲದ ಒಬ್ಬರಿಗೂ ವೇದಿಕಿ ಮ್ಯಾಲೆ ಮಾತಾಡಲಿಕ್ಕೆ ಬಿಡಲಿಲ್ಲ. ನನ್ನ ಲೆಕ್ಕದಾಗ, ಯಾಕಂದ್ರ ಆ ಮತದ ಹಿಂದ ಗೆಲ್ಲೂ ಅಭ್ಯರ್ಥಿ ಇರಲಿಲ್ಲ. ಎದುರಿನವರಿಗೆ ಪ್ರೈಮರಿ ಬೆಲೆ ಚೆನ್ನಾಗಿ ಗೊತ್ತು: ಅದೇ ವರ್ಷ ನ್ಯೂಯಾರ್ಕ್‌ನಾಗ ಇಸ್ರೇಲನ್ನ ಟೀಕಿಸಿದ್ದ ಸಂಸದ ಜಮಾಲ್ ಬೋಮನ್‌ರನ್ನ ಸೋಲಸಲಿಕ್ಕೆ ಇಸ್ರೇಲ್ ಪರ ಗುಂಪು 1.4 ಕೋಟಿ ಡಾಲರಿಗಿಂತ ಹೆಚ್ಚು ಸುರೀತು. ಸಂಸತ್ತಿನ ಮೇಲ್ಮನಿ ಸೆನೆಟ್‌ನ ದಾಖಲೆಯನ್ನೂ ತಗದು ನೋಡು. ಇಸ್ರೇಲ್‌ಗೆ ಶಸ್ತ್ರ ಮಾರಾಟ ತಡೀರಿ ಅಂದವರು 2024ರ ನವೆಂಬರಿನಾಗ ಸುಮಾರು 18 ಮಂದಿ, 2025ರ ಜುಲೈದಾಗ 27ರ ತನಕ. ಎರಡು ಸಲವೂ ಬಿದ್ದುಹೋತು, ಖರೆ. ಆದರ ನಿಮ್ಮ ಸೆನೆಟರ್ ಯಾವ ಸಾಲಿನಾಗ ಇದ್ದರು ಅನ್ನೂದು ಭಾಷಣಕ್ಕಿಂತ ಚಲೋ ಸಾಕ್ಷಿ.

ನವೆಂಬರಿನ ಕಡೀ ಚುನಾವಣೆಯ ಲೆಕ್ಕ ಬ್ಯಾರೆ. ಮನಿಯಾಗ ಕೂತರ ನೀ ಹಾಕಬೇಕಂತಿದ್ದ ಪಕ್ಷಕ್ಕ ಒಂದು ಮತ ಕಡಿಮಿ. ಮೂರನೆಯವರಿಗೆ ಹಾಕಿದರೂ ಒಂದ ಕಡಿಮಿ, ಆದರ ಎಣಿಕೆಯಾಗ ಕಾಣಸತದ. ಎದುರು ಪಕ್ಷಕ್ಕ ಹಾಕಿದರ ಅಂತರ ಎರಡು. ನಿಮ್ಮ ರಾಜ್ಯದ, ಅರಬ್ ಮುಸ್ಲಿಮರು ಹೆಚ್ಚಿರೂ ಡಿಯರ್‌ಬಾರ್ನ್ ಊರಾಗ 2020ರಲ್ಲಿ ಬೈಡನ್‌ಗೆ ಸುಮಾರು 69 ಶೇಕಡಾ. 2024ರಲ್ಲಿ ಟ್ರಂಪ್‌ಗೆ 42, ಹ್ಯಾರಿಸ್‌ಗೆ 36, ಮೂರನೇ ಪಕ್ಷದ ಜಿಲ್ ಸ್ಟೈನ್‌ಗೆ 18. ಮುಸ್ಲಿಮರ ಓಟು ಒಂದ ಗಂಟು ಅಂತ ಯಾರರ ಅಂದರ ಈ ಮೂರು ಅಂಕಿ ತೋರಸು. ಹ್ಯಾರಿಸ್‌ರನ್ನ ಆ ಊರೇ ಸೋಲಿಸಿತು ಅನ್ನೂದೂ ಸುಳ್ಳ. ರಾಜ್ಯದ ಅಂತರ ಸುಮಾರು 80,000. ಊರಿನ ಜನಸಂಖ್ಯೆ ಕೂಸು-ಕುನ್ನಿ ಹಿಡಿದು 1.1 ಲಕ್ಷ. 2016ರಂಗ 10,704ರ ಅಂತರ ಇದ್ದರ ಮಾತು ಬ್ಯಾರೆ ಆಗತಿತ್ತು.

ಅದ ಚೀಟಿಯಾಗ ಪ್ಯಾಲೆಸ್ತೀನಿ ಮೂಲದ ಡೆಮಾಕ್ರಟಿಕ್ ಸಂಸದೆ ರಶೀದಾ ತಲೈಬ್ ಮತ್ತ ಗೆದ್ದರು. ಅಂದ್ರ ಮ್ಯಾಲಿನ ಹೆಸರಿಗೆ ಮುನಿದವರೂ ಕೆಳಗಿನ ಸಾಲು ತುಂಬಿದ್ದರು. ನೀನೂ ಮ್ಯಾಲೆ ಖಾಲಿ ಬಿಟ್ಟರ ಕೆಳಗ ಬಿಡಬ್ಯಾಡ. ಶಾಲಾ ಮಂಡಳಿ, ನ್ಯಾಯಾಧೀಶರು ಅಲ್ಲೇ ಇರತಾರ.

ಇನ್ನ ಕೈಕೆಲಸ. ಆಗಸ್ಟಿನ ಪ್ರೈಮರಿಯಾಗ ಎರಡೂ ಪಕ್ಷಗಳ ಸಾಲು ಒಂದ ಹಾಳಿಯಾಗ ಇರತಾವ. ಎರಡರಾಗೂ ಗುರುತು ಹಾಕಿದರ ಪಕ್ಷದ ಭಾಗವೆಲ್ಲ ರದ್ದು. ನವೆಂಬರಿನಾಗ ಹಿಂಗಿಲ್ಲ, ಬೇಕಾದಂಗ ಬೆರೆಸಬಹುದು. ಹೆಸರು ನೋಂದಾಯಿಸಲಿಕ್ಕೆ ಆನ್‌ಲೈನ್ ಗಡುವು ಮತದಾನಕ್ಕ 15 ದಿನ ಮೊದಲು. ತಪ್ಪಿದರ ವಿಳಾಸದ ಪುರಾವೆ ಹಿಡಕೊಂಡು ಚುನಾವಣೆ ನೋಡಕೊಳ್ಳೂ ಊರಿನ ಕ್ಲರ್ಕ್ ಕಚೇರಿಗೆ ಹೋಗು, ಮತದಾನದ ದಿನ ರಾತ್ರಿ 8ರ ತನಕ ಆಗತದ. ಅಂಚೆಯಾಗ ಕಳಸೂದಿದ್ದರ ಲಕೋಟಿ ಮ್ಯಾಲೆ ಸಹಿ ಮರೀಬ್ಯಾಡ. ನೀ ಉರ್ದುದಾಗೊಮ್ಮೆ, ಇಂಗ್ಲಿಷಿನಾಗೊಮ್ಮೆ ಸಹಿ ಮಾಡಾಕಿ. ಅವರ ದಾಖಲೆಯಾಗ ಯಾವುದಿದೆಯೋ ಅದನ್ನ ಹಾಕು.

ನಿನ್ನ ಕಾಕಾ